ತಪಾಸಣೆಯ ದಿವಸ

ನಮ್ಮ ಹಳ್ಳಿಗಳಲ್ಲಿ ಶಾಲೆಯ ತಪಾಸಣೆಯೆಂದರೆ ಒಂದು ಹಬ್ಬವೂ ಹೌದು, ಒಂದು ಭಯವೂ ಹೌದು. ಅಂಗಳವನ್ನು ಗುಡಿಸುವರು, ತೋರಣ ಕಟ್ಟುವರು, ಜಾಣ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸುವರು. ಓದಲು ತಡವರಿಸುವ ಹುಡುಗನಿಗೆ, ಅಂದು ಮನೆಯಲ್ಲಿಯೇ ಇರೆಂದು ಹೇಳುವದೂ ಉಂಟು. ಯಾರಿಗಾಗಿ ಶಾಲೆಯಿರುವದೋ ಆತನೇ ಇಲ್ಲದ ಮೇಲೆ ತಪಾಸಣೆಯಾದದ್ದು ಯಾವದರದು? ವಾಚಕರೇ ವಿಚಾರಿಸಬೇಕು.

ಈ ರೋಗವು ಹಳೆಯದು. 1862ರಲ್ಲಿ ಇಂಗ್ಲೆಂಡಿನಲ್ಲಿ, ಮಕ್ಕಳು ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ ಶಾಲೆಗೆ ಹಣ ಕೊಡುವ ಪದ್ಧತಿಯು ಬಂದಿತು. ಮಾಸ್ತರರು ಪಾಠವನ್ನು ಬಿಟ್ಟು ಉರುಹೊಡೆಯಿಸತೊಡಗಿದರು. 35 ವರ್ಷ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡರು, ಇದರಿಂದ ಕಲಿಸುವಿಕೆಯು ಯಂತ್ರದಂತಾಗುವದೆಂದು ಎಚ್ಚರಿಸಿದರು. ಕೊನೆಗೆ ಆ ಪದ್ಧತಿಯನ್ನು ಬಿಡಬೇಕಾಯಿತು.

ನಮ್ಮ ನಾಡಿನಲ್ಲಿ ಬೇರೊಂದು ಮಾದರಿಯಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಶಾಲೆಯಲ್ಲಿ ದುಡಿದು, ಆಮೇಲೆ ಬೆಳಗಾವಿ ಪ್ರಾಂತದಲ್ಲಿ ಶಾಲೆಗಳ ತಪಾಸಣೆಗೆ ಬಂದವರು. ಕನ್ನಡದ ಮಕ್ಕಳು ಮರಾಠಿಯಲ್ಲಿ ಕಲಿಯುತ್ತಿರುವದನ್ನು ಕಂಡು, ಅವರು ಬರಿಯ ಷರಾ ಬರೆದು ಸುಮ್ಮನಾಗಲಿಲ್ಲ. ಕನ್ನಡ ಶಾಲೆಗಳಾಗುವಂತೆ ಶ್ರಮಿಸಿದರು. ಕೊರತೆಯನ್ನು ಕಂಡವನೇ ಅದನ್ನು ತುಂಬಲು ಕೈಹಾಕಬೇಕೆಂಬುದೇ ಇಲ್ಲಿಯ ಪಾಠ. 1860ರ ದಶಕದಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ಯೂ ಹೊರಟಿತು, ಮಠವೆಂದರೆ ಆಗಿನ ಮಾತಿನಲ್ಲಿ ಶಾಲೆಯೇ.

ಇಂದು ಈ ಹೊಣೆಯು ಮುಖ್ಯೋಪಾಧ್ಯಾಯರದು, ಸಮೂಹ ಸಂಪನ್ಮೂಲ ವ್ಯಕ್ತಿಗಳದು, ಕ್ಷೇತ್ರ ಶಿಕ್ಷಣಾಧಿಕಾರಿಗಳದು. ಗೋಕಾವಿ ಸೀಮೆಯ ಮೇಲವಂಕಿಯಂಥ ಊರಿಗೆ ಬರುವವರಿಗೆ ನಮ್ಮ ಬಿನ್ನಹವಿಷ್ಟೆ. ಹಾಜರಿ ಪುಸ್ತಕವನ್ನು ನೋಡಿ ತಿರುಗಬೇಡಿರಿ. ಹಿಂದಿನ ಸಾಲಿನಲ್ಲಿ ಒಂದು ಪೂರ್ಣ ಪಾಠದವರೆಗೆ ಕುಳಿತುಕೊಳ್ಳಿರಿ. ಎಲ್ಲರಿಗಿಂತ ಹಿಂದುಳಿದ ಮಗುವಿನ ಪಾಟಿಯನ್ನು ಕೇಳಿ ನೋಡಿರಿ. ಒಬ್ಬರೇ ಎರಡು ಮೂರು ತರಗತಿಗಳನ್ನು ನಡೆಸುತ್ತಿದ್ದರೆ, ಕಬ್ಬಿನ ಹಂಗಾಮಿನಲ್ಲಿ ಮಕ್ಕಳು ಹೊಲಕ್ಕೆ ಹೋಗಿದ್ದರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಕ್ಕಳ ಇದಿರಿಗೆ ಗುರುವನ್ನು ಗದರಿಸಬೇಡಿರಿ. ಏಕಾಂತದಲ್ಲಿ ಮೊದಲು ಒಳ್ಳೆಯದನ್ನು ಹೇಳಿ, ತಿದ್ದತಕ್ಕ ಒಂದೇ ಸಂಗತಿಯನ್ನು ತೋರಿಸಿರಿ; ಬೇಕಾದರೆ ತಾವೇ ಒಂದು ಪಾಠ ಮಾಡಿ ತೋರಿಸಿರಿ. ತಿಂಗಳೊಳಗೆ ಮರಳಿ ಬಂದು ಅದಷ್ಟನ್ನೇ ನೋಡಿರಿ. ಇಷ್ಟಾದ ಮೇಲೂ ಕೆಲಸಗಳ್ಳನಾದವನನ್ನು ನಿಷ್ಠುರವಾಗಿ ಕೇಳುವ ಅಧಿಕಾರವು ತಮಗೆ ಬರುವದು.

ಗೃಹಸ್ಥರಿಗೂ ಇದರಲ್ಲಿ ಪಾಲುಂಟು. 2001ರಿಂದ ಶಾಲಾಭಿವೃದ್ಧಿ ಸಮಿತಿಗಳಲ್ಲಿ ತಂದೆತಾಯಿಗಳಿಗೆ ಸ್ಥಾನ ದೊರೆತಿದೆ. ಗುರುವಿನ ತಪ್ಪನ್ನು ಎಣಿಸುವ ಮೊದಲು, ಅವರಿಗೆ ಏನು ಬೇಕೆಂದು ಒಮ್ಮೆ ಕೇಳಿ ನೋಡೋಣ.

ತಡವರಿಸುವ ಆ ಹುಡುಗನು ತಪಾಸಣೆಯ ದಿವಸವೂ ಹೆದರದೆ ಶಾಲೆಗೆ ಬಂದನೆಂದರೆ, ತಪಾಸಣೆಯು ಸಾರ್ಥಕವಾಯಿತೆಂದು ನಾವು ತಿಳಿಯುವೆವು.