ಹೊಗೆಸೊಪ್ಪಿನ ಸೀಮೆಯಲ್ಲಿ ಹಿರಿಯರ ಹಬ್ಬ: ಒಲೆ ಹಲವು, ಎಡೆ ಒಂದು

ಮೈಸೂರು: ಅರಮನೆಯ ದಸರೆ ನೋಡಲು ಜಗತ್ತೇ ಮೈಸೂರಿಗೆ ಬರುತ್ತದೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅನೇಕ ಕುಟುಂಬಗಳಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಮರಳುವುದು ಅದಕ್ಕೂ ಮುಂಚೆ ಬರುವ ಪಿತೃಪಕ್ಷಕ್ಕೆ. ಹಳ್ಳಿಗರ ಮಾತಿನಲ್ಲಿ ಇದು ಹಿರಿಯರ ಹಬ್ಬ.

ಭಾದ್ರಪದ ಮಾಸದ ಕೃಷ್ಣಪಕ್ಷವೇ ಪಿತೃಪಕ್ಷ. ಅದರ ಕೊನೆಯ ದಿನ ಮಹಾಲಯ ಅಮಾವಾಸ್ಯೆ. ಮರುದಿನ ನವರಾತ್ರಿ ಆರಂಭ. ಎಲ್ಲರೂ ಒಂದೇ ದಿನ ಹಬ್ಬ ಮಾಡುವುದಿಲ್ಲ. ಹೆಚ್ಚಿನವರಿಗೆ ಅಮಾವಾಸ್ಯೆ, ಕೆಲವು ಮನೆತನಗಳಿಗೆ ಪಕ್ಷದ ಬೇರೆ ದಿನ, ಇನ್ನು ಕೆಲವರಿಗೆ ಮಾರ್ನಮಿ. ಈ ವ್ಯತ್ಯಾಸದಿಂದಾಗಿಯೇ ನೆಂಟರು ಒಬ್ಬರ ಮನೆಯ ಊಟ ಮುಗಿಸಿ ಮತ್ತೊಬ್ಬರ ಮನೆಗೆ ಹೋಗಲು ಸಾಧ್ಯವಾಗುತ್ತದೆ.

ತೀರಿಹೋದವರಿಗೆ ಹೊಸ ಪಂಚೆ, ಸೀರೆ ಇಟ್ಟು, ಬಾಳೆ ಎಲೆಯಲ್ಲಿ ಅವರಿಗೆ ಪ್ರಿಯವಾಗಿದ್ದ ತಿನಿಸುಗಳನ್ನು ಬಡಿಸಿ ಧೂಪ ಹಾಕುವುದೇ ಎಡೆ. ಕಜ್ಜಾಯ, ವಡೆ, ಪಾಯಸದ ಜೊತೆಗೆ ಮಾಂಸಾಹಾರಿಗಳ ಮನೆಗಳಲ್ಲಿ ಬಾಡಿನ ಸಾರೂ ಇರುತ್ತದೆ. ಎಡೆ ಇಟ್ಟು ಕೆಲಕಾಲ ಬಾಗಿಲು ಮುಚ್ಚುವ ರೂಢಿಯೂ ಉಂಟು. ಅದಾದ ನಂತರವೇ ಮನೆಯವರ ಊಟ.

ಜಮೀನು ಪಾಲಾಗಿ ಅಣ್ಣತಮ್ಮಂದಿರ ಒಲೆಗಳು ಬೇರೆಯಾದರೂ ತಾತ, ಅಜ್ಜಿಯನ್ನು ಪಾಲು ಮಾಡಿಕೊಳ್ಳಲಾಗದು. ಆದ್ದರಿಂದ ಎಷ್ಟೋ ಕುಟುಂಬಗಳಲ್ಲಿ ಎಡೆ ಮಾತ್ರ ಇಂದಿಗೂ ದೊಡ್ಡಮನೆಯಲ್ಲೇ ನಡೆಯುತ್ತದೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಒಂದೇ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ. ಹಬ್ಬದ ನಿಜವಾದ ಬೆಲೆ ಇದು.

ಆದರೆ ಹಬ್ಬ ಬರುವುದು ರೈತನಿಗೆ ಬಿಡುವಿಲ್ಲದ ಕಾಲದಲ್ಲಿ. ಈ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಸೀಮೆ. ಮುಂಗಾರಿನಲ್ಲಿ ನಾಟಿಯಾದ ಗಿಡದ ಎಲೆಗಳನ್ನು ಹಂತಹಂತವಾಗಿ ಬಿಡಿಸಿ ಬ್ಯಾರನ್‌ನಲ್ಲಿ ಹದಗೊಳಿಸಬೇಕು. ಒಮ್ಮೆ ಸೊಪ್ಪು ತುಂಬಿದರೆ ಹಲವು ದಿನ ಹಗಲಿರುಳೂ ಬೆಂಕಿ ಕಾಯಬೇಕು. ಶಾಖ ಹೆಚ್ಚುಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಟ್ಟು ಬೆಲೆ ಕುಸಿಯುತ್ತದೆ. ಹಬ್ಬವೆಂದು ಮನೆಮಂದಿಯೆಲ್ಲ ಬ್ಯಾರನ್ ಬಿಟ್ಟು ಬರುವಂತಿಲ್ಲ.

ಹಣದ ಲೆಕ್ಕವೂ ಹೀಗೆಯೇ. ತಂಬಾಕು ಮಂಡಳಿಯ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ಭಾಗದಲ್ಲಿ ಆರಂಭವಾಗುತ್ತದೆ. ಚಾಂದ್ರಮಾನದ ಹಬ್ಬ ಮಾತ್ರ ಪ್ರತಿವರ್ಷ ಸ್ಥಳ ಬದಲಿಸುತ್ತದೆ. ಮಹಾಲಯ ಅಮಾವಾಸ್ಯೆ 2023ರಲ್ಲಿ ಅಕ್ಟೋಬರ್ 14ರಂದು, 2024ರಲ್ಲಿ ಅಕ್ಟೋಬರ್ 2ರಂದು, 2025ರಲ್ಲಿ ಸೆಪ್ಟೆಂಬರ್ 21ರಂದು ಬಂದಿತು. ಅಧಿಕ ಮಾಸದ ಕಾರಣ 2026ರಲ್ಲಿ ಅದು ಮತ್ತೆ ಅಕ್ಟೋಬರ್ 10ಕ್ಕೆ ಸರಿಯುತ್ತದೆ. ಹಬ್ಬ ಬೇಗ ಬಂದ ವರ್ಷ ಸೊಪ್ಪು ಮನೆಯಲ್ಲೇ ಇರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಭತ್ತದ ಕಣಜವೆನಿಸಿದ ಕೃಷ್ಣರಾಜನಗರದ ನಾಲಾ ಬಯಲಿನಲ್ಲಂತೂ ಪೈರು ಇನ್ನೂ ಗದ್ದೆಯಲ್ಲೇ ನಿಂತಿರುತ್ತದೆ. ಇತ್ತ ಪಿತೃಪಕ್ಷದಲ್ಲಿ ಮಾಂಸಕ್ಕೆ ಬೇಡಿಕೆ ಏರುತ್ತದೆ. ಊರಿನಲ್ಲಿ ಉಳಿದ ಮಗನೇ ಸಾಲ ಮಾಡಿ ಎಲ್ಲರಿಗೂ ಉಣಬಡಿಸಬೇಕಾದ ಪ್ರಸಂಗ ಹುಟ್ಟುವುದು ಇಲ್ಲಿಯೇ. ಒಲೆಗಳ ನಡುವೆ ಮುನಿಸು ಮೂಡುವುದೂ ಇಲ್ಲಿಂದಲೇ.

ಪರಿಹಾರ ಕಷ್ಟದ್ದಲ್ಲ. ಹಬ್ಬಕ್ಕೆ ತಿಂಗಳು ಮೊದಲೇ ಖರ್ಚನ್ನು ಒಲೆಗಿಷ್ಟೆಂದು ಹಂಚಿಕೊಳ್ಳಬಹುದು. ಬಟ್ಟೆಯ ಹೊಣೆ ಒಬ್ಬರಿಗೆ, ದಿನಸಿ ಮತ್ತೊಬ್ಬರಿಗೆ, ಬಾಡು ಇನ್ನೊಬ್ಬರಿಗೆ ಎಂದು ಗೊತ್ತುಮಾಡಿಕೊಳ್ಳಬಹುದು. ಅಡುಗೆಯ ಭಾರವೆಲ್ಲ ಮನೆಯ ಹಿರಿಸೊಸೆಯ ಮೇಲೆಯೇ ಬೀಳದಂತೆ ಒಂದು ದಿನ ಮುಂಚೆಯೇ ಬಂದು ಕೈಜೋಡಿಸಬಹುದು. ಬೆಂಗಳೂರು, ಮೈಸೂರಿನಿಂದ ಬರುವ ತಮ್ಮಂದಿರು ಒಂದು ರಾತ್ರಿ ಬ್ಯಾರನ್ ಕಾದರೆ ಅಣ್ಣನಿಗೂ ನೆಮ್ಮದಿಯಾಗಿ ಎಡೆಯ ಮುಂದೆ ಕೂರಲು ಸಾಧ್ಯ.

ಹಿರಿಯರಿಗೆ ಎಡೆ ಎಷ್ಟು ದೊಡ್ಡದೆಂಬುದು ಮುಖ್ಯವಲ್ಲ. ಅದರ ಮುಂದೆ ಎಲ್ಲರೂ ಇದ್ದಾರೆಯೇ ಎಂಬುದೇ ಮುಖ್ಯ.