ಹೆಣೆದ ಗಾಳದ ದಾರಕ್ಕೆ ಲ್ಯೂರ್ ಕಟ್ಟುವ ಗಂಟುಗಳು: ಆಯ್ಕೆ, ವಿಧಾನ ಮತ್ತು ಮುನ್ನೆಚ್ಚರಿಕೆ

ಪೀಠಿಕೆ

ರಾಜ್ಯದ ಕರಾವಳಿಯ ಅಳಿವೆಗಳಲ್ಲಿ, ಬಂದರುಗಳ ಕಲ್ಲಿನ ತಡೆಗೋಡೆಗಳ ಮೇಲೆ ಹಾಗೂ ಒಳನಾಡಿನ ಕೆರೆಗಳಲ್ಲಿ ಕೋಲು ಮತ್ತು ರೀಲು ಬಳಸಿ ಗಾಳ ಹಾಕುವ ಹವ್ಯಾಸಿಗಳು ಹಿಂದೆ ಹೆಚ್ಚಾಗಿ ನೈಲಾನ್ ದಾರವನ್ನೇ ಬಳಸುತ್ತಿದ್ದರು. ಈಗ ಅವರಲ್ಲಿ ಅನೇಕರು ಹೆಣೆದ ದಾರವನ್ನು ಬಳಸುತ್ತಿದ್ದಾರೆ. ಎರೆಹುಳು ಅಥವಾ ಸೀಗಡಿಯ ಬದಲಿಗೆ ಮೀನಿನ ಆಕಾರದ ಕೃತಕ ಎರೆ, ಅಂದರೆ ಲ್ಯೂರ್ ಬಳಸುವವರಿಗೆ ಈ ದಾರವು ಬಹಳ ಅನುಕೂಲಕರವಾಗಿದೆ. ಆದರೆ ದಾರವನ್ನು ಬದಲಿಸಿದ ಅನೇಕರು ಗಂಟನ್ನು ಬದಲಿಸಿರುವುದಿಲ್ಲ. ನೈಲಾನ್ ದಾರಕ್ಕೆ ಹಾಕುತ್ತಿದ್ದ ಗಂಟನ್ನೇ ಹೆಣೆದ ದಾರಕ್ಕೂ ಹಾಕಿದಾಗ ಅದು ಜಾರಿ ಬಿಚ್ಚಿಕೊಳ್ಳುತ್ತದೆ. ಲ್ಯೂರ್ ಮೀನಿನ ಬಾಯಲ್ಲಿಯೇ ಉಳಿಯುತ್ತದೆ. ಬೆಲೆಬಾಳುವ ಸಾಮಗ್ರಿ ನಷ್ಟವಾಗುತ್ತದೆ. ಇಂತಹ ನಷ್ಟವನ್ನು ತಡೆಯಲು ಯಾವ ಸಂದರ್ಭಕ್ಕೆ ಯಾವ ಗಂಟು ಸೂಕ್ತವೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಣೆದ ದಾರದ ಗುಣಗಳು

ನೈಲಾನ್ ದಾರವು ಒಂದೇ ದಪ್ಪ ಎಳೆಯಿಂದ ಕೂಡಿರುತ್ತದೆ. ಹೆಣೆದ ದಾರದಲ್ಲಿ ಅತಿ ಸೂಕ್ಷ್ಮವಾದ ಪಾಲಿಎಥಿಲೀನ್ ನಾರುಗಳನ್ನು ಎಳೆಗಳನ್ನಾಗಿ ಮಾಡಿ, ಸಾಮಾನ್ಯವಾಗಿ 4 ಅಥವಾ 8 ಎಳೆಗಳನ್ನು ಜಡೆಯಂತೆ ಹೆಣೆಯಲಾಗಿರುತ್ತದೆ. ಡೈನೀಮಾ ಮತ್ತು ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಮಾರಾಟವಾಗುವ ನಾರುಗಳು ಈ ವರ್ಗಕ್ಕೆ ಸೇರಿವೆ. ಗಂಟಿನ ಆಯ್ಕೆಗೆ ಸಂಬಂಧಿಸಿದಂತೆ ಈ ದಾರದ ನಾಲ್ಕು ಗುಣಗಳನ್ನು ಗಮನಿಸಬೇಕು.

1. ಇದರ ಮೇಲ್ಮೈ ಬಹಳ ನುಣುಪಾಗಿರುತ್ತದೆ. ದಾರದ ಒಂದು ಸುತ್ತು ಮತ್ತೊಂದು ಸುತ್ತನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ.
2. ಇದು ಬಹುತೇಕ ಹಿಗ್ಗುವುದಿಲ್ಲ. ನೈಲಾನ್ ದಾರವು ಹಿಗ್ಗಿ ಮೀನಿನ ಹಠಾತ್ ಎಳೆತವನ್ನು ತಾಳಿಕೊಳ್ಳುತ್ತದೆ. ಹೆಣೆದ ದಾರದಲ್ಲಿ ಆ ಎಳೆತವು ನೇರವಾಗಿ ಗಂಟಿನ ಮೇಲೆ ಬೀಳುತ್ತದೆ.
3. ಸಮಾನ ಶಕ್ತಿಯ ನೈಲಾನ್ ದಾರಕ್ಕಿಂತ ಇದು ಬಹಳ ತೆಳುವಾಗಿರುತ್ತದೆ. ಆದುದರಿಂದ ಕಡಿಮೆ ಸುತ್ತುಗಳ ಗಂಟು ಸಾಲುವುದಿಲ್ಲ.
4. ಇದರ ನಾರು ಸುಮಾರು 145 ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಒಣಗಂಟನ್ನು ರಭಸದಿಂದ ಎಳೆದರೆ ಘರ್ಷಣೆಯ ಶಾಖದಿಂದಲೇ ನಾರುಗಳಿಗೆ ಹಾನಿಯಾಗಬಹುದು.

ಗಂಟಿನಿಂದ ಕಡಿಮೆಯಾಗುವ ಶಕ್ತಿಯ ಲೆಕ್ಕ

ದಾರದ ಡಬ್ಬಿಯ ಮೇಲೆ ನಮೂದಿಸಿರುವ ಶಕ್ತಿಯು ನೇರ ದಾರಕ್ಕೆ ಸಂಬಂಧಿಸಿದ್ದು. ಗಂಟು ಹಾಕಿದ ದಾರಕ್ಕೆ ಅದು ಅನ್ವಯಿಸುವುದಿಲ್ಲ. ಉದಾಹರಣೆಗೆ, 20 ಪೌಂಡ್ ಎಂದು ನಮೂದಿಸಿರುವ ದಾರವು ಸುಮಾರು 9 ಕಿಲೋಗ್ರಾಂ ಭಾರವನ್ನು ತಾಳಬಲ್ಲದು. ಅದಕ್ಕೆ ಹಾಕಿದ ಗಂಟು ದಾರದ ಶಕ್ತಿಯ ಅರ್ಧವನ್ನು ಮಾತ್ರ ಉಳಿಸಿಕೊಳ್ಳುತ್ತದೆ ಎಂದಾದಲ್ಲಿ, ಹವ್ಯಾಸಿಯ ಕೈಯಲ್ಲಿರುವುದು 9 ಕಿಲೋಗ್ರಾಂ ದಾರವಲ್ಲ, 4.5 ಕಿಲೋಗ್ರಾಂ ದಾರ. ಹೆಚ್ಚು ಬೆಲೆ ಕೊಟ್ಟು ಬಲವಾದ ದಾರವನ್ನು ಖರೀದಿಸುವುದಕ್ಕಿಂತ ಯಾವುದೇ ವೆಚ್ಚವಿಲ್ಲದೆ ಸರಿಯಾದ ಗಂಟನ್ನು ಕಲಿಯುವುದು ಹೆಚ್ಚು ಲಾಭದಾಯಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನೈಲಾನ್ ದಾರಕ್ಕೆ ವ್ಯಾಪಕವಾಗಿ ಬಳಸುವ ಕ್ಲಿಂಚ್ ಗಂಟಿನಲ್ಲಿ ದಾರವನ್ನು ಒಮ್ಮೆ ಲ್ಯೂರಿನ ಕಣ್ಣಿನೊಳಗೆ ತೂರಿಸಿ, ಮೂಲ ದಾರಕ್ಕೆ 5 ಅಥವಾ 6 ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಬಳಿಯ ಕುಣಿಕೆಯೊಳಗೆ ತೂರಿಸಲಾಗುತ್ತದೆ. ನೈಲಾನ್ ಒತ್ತಡಕ್ಕೆ ಸ್ವಲ್ಪ ಅದುಮಿಕೊಂಡು ಒಂದನ್ನೊಂದು ಕಚ್ಚಿಕೊಳ್ಳುವುದರಿಂದ ಈ ಗಂಟು ನಿಲ್ಲುತ್ತದೆ. ಹೆಣೆದ ದಾರದಲ್ಲಿ ಈ ಹಿಡಿತ ಉಂಟಾಗುವುದಿಲ್ಲ. ದಡದಲ್ಲಿ ಕೈಯಿಂದ ಎಳೆದಾಗ ಗಟ್ಟಿಯಾಗಿರುವಂತೆ ಕಂಡರೂ, ಮೀನು ನಿರಂತರವಾಗಿ ಎಳೆದಾಗ ತುದಿಯು ನಿಧಾನವಾಗಿ ಜಾರಿ ಹೊರಬರುತ್ತದೆ. ಕಳಚಿ ಬಂದ ದಾರದ ತುದಿಯು ಹರಿದಿರದೆ, ಹಂದಿಯ ಬಾಲದಂತೆ ಸುರುಳಿಯಾಗಿದ್ದಲ್ಲಿ ಗಂಟು ತುಂಡಾಗಿಲ್ಲ, ಜಾರಿದೆ ಎಂದು ತಿಳಿಯಬೇಕು.

ಸೂಕ್ತವಾದ ಗಂಟುಗಳು

ಅ) ಪಾಲೊಮಾರ್ ಗಂಟು

ಹೆಣೆದ ದಾರವನ್ನು ನೇರವಾಗಿ ಲ್ಯೂರಿಗೆ ಕಟ್ಟುವ ಸಂದರ್ಭದಲ್ಲಿ ಮೊದಲ ಆಯ್ಕೆ ಇದಾಗಿದೆ. ಕಣ್ಣಿನೊಳಗೆ ದಾರವು ಎರಡೆಳೆಯಾಗಿ ಹಾದುಹೋಗುವುದರಿಂದ ಭಾರವು ಹಂಚಿಕೆಯಾಗುತ್ತದೆ ಮತ್ತು ಜಾರುವಿಕೆ ಕಡಿಮೆಯಾಗುತ್ತದೆ.

1. ದಾರದ ತುದಿಯಿಂದ ಸುಮಾರು 15 ಸೆಂಟಿಮೀಟರ್ ಭಾಗವನ್ನು ಮಡಚಿ ಎರಡೆಳೆ ಮಾಡಿ, ಮಡಿಕೆಯನ್ನು ಲ್ಯೂರಿನ ಕಣ್ಣಿನೊಳಗೆ ತೂರಿಸಬೇಕು.
2. ಆ ಎರಡೆಳೆಯಿಂದಲೇ ಒಂದು ಸಾಮಾನ್ಯ ಗಂಟನ್ನು ಸಡಿಲವಾಗಿ ಹಾಕಬೇಕು. ಲ್ಯೂರ್ ಅದರ ಕೆಳಗೆ ತೂಗಾಡುತ್ತಿರಬೇಕು.
3. ಮಡಿಕೆಯ ಕುಣಿಕೆಯನ್ನು ಹಿಗ್ಗಿಸಿ, ಇಡೀ ಲ್ಯೂರನ್ನು ಅದರೊಳಗಿಂದ ದಾಟಿಸಬೇಕು.
4. ಗಂಟನ್ನು ನೀರಿನಿಂದ ತೋಯಿಸಿ, ಮೂಲ ದಾರ ಹಾಗೂ ಬಿಡಿ ತುದಿ ಎರಡನ್ನೂ ಒಟ್ಟಿಗೆ ನಿಧಾನವಾಗಿ ಎಳೆದು ಬಿಗಿಗೊಳಿಸಬೇಕು.
5. ಬಿಡಿ ತುದಿಯನ್ನು 3 ರಿಂದ 4 ಮಿಲಿಮೀಟರ್ ಉಳಿಸಿ ಕತ್ತರಿಸಬೇಕು.

ಎರಡು ಎಳೆಗಳು ಒಂದರ ಮೇಲೊಂದು ಅಡ್ಡ ಬೀಳದಂತೆ ನೋಡಿಕೊಳ್ಳುವುದು ಅಗತ್ಯ. ಬಹಳ ತೆಳುವಾದ ದಾರವಿದ್ದಲ್ಲಿ 2ನೇ ಹಂತದಲ್ಲಿ ಕುಣಿಕೆಯನ್ನು ಒಂದು ಬಾರಿಗೆ ಬದಲಾಗಿ ಎರಡು ಬಾರಿ ತೂರಿಸಿದರೆ ಹಿಡಿತವು ಹೆಚ್ಚುತ್ತದೆ. ಮೂರು ಮೊನೆಯ ಗಾಳಗಳು ಎರಡು ಮೂರು ಇರುವ ಉದ್ದನೆಯ ಲ್ಯೂರನ್ನು ಕುಣಿಕೆಯೊಳಗಿಂದ ದಾಟಿಸುವುದು ಕಷ್ಟ. ಮೊನೆಗಳು ದಾರವನ್ನು ಗೀರುವ ಸಂಭವವೂ ಇದೆ. ಅಂತಹ ಲ್ಯೂರಿಗೆ ಮುಂದಿನ ಗಂಟು ಸೂಕ್ತ.

ಆ) ಯೂನಿ ಗಂಟು

ಅಮೆರಿಕದ ಮೀನುಗಾರಿಕೆ ಲೇಖಕ ವಿಕ್ ಡನವೇ ಅವರು ಜನಪ್ರಿಯಗೊಳಿಸಿದ ಗಂಟು ಇದಾಗಿದೆ. ದಾರವನ್ನು ಕಣ್ಣಿನೊಳಗೆ ತೂರಿಸಿ, ಮೂಲ ದಾರಕ್ಕೆ ಸಮಾನಾಂತರವಾಗಿ ಹಿಡಿದು, ತುದಿಯನ್ನು ಕಣ್ಣಿನ ಕಡೆಗೆ ಹಿಂದಿರುಗಿಸಿ ಒಂದು ಕುಣಿಕೆ ಮಾಡಬೇಕು. ನಂತರ ಆ ತುದಿಯನ್ನು ಎರಡೂ ಎಳೆಗಳ ಸುತ್ತ, ಕುಣಿಕೆಯ ಒಳಗಿಂದ ಸುತ್ತಬೇಕು. ನೈಲಾನ್ ದಾರಕ್ಕೆ 4 ರಿಂದ 6 ಸುತ್ತುಗಳು ಸಾಕು. ಹೆಣೆದ ದಾರಕ್ಕೆ 7 ರಿಂದ 8 ಸುತ್ತುಗಳು ಬೇಕು. ತುದಿಯನ್ನು ಎಳೆದು ಸುತ್ತುಗಳನ್ನು ಒಟ್ಟುಗೂಡಿಸಿ, ತೋಯಿಸಿ, ಗಂಟನ್ನು ಕಣ್ಣಿನವರೆಗೆ ಸರಿಸಬೇಕು. ಕಣ್ಣಿನೊಳಗೆ ದಾರವನ್ನು ಒಮ್ಮೆಯ ಬದಲಿಗೆ ಎರಡು ಬಾರಿ ತೂರಿಸಿದಲ್ಲಿ ಜಾರುವಿಕೆಯು ಮತ್ತಷ್ಟು ಕಡಿಮೆಯಾಗುತ್ತದೆ.

ಇ) ಲೀಡರ್ ದಾರವನ್ನು ಜೋಡಿಸುವ ಗಂಟುಗಳು

ಹೆಣೆದ ದಾರವು ಎಳೆತಕ್ಕೆ ಬಲವಾಗಿದ್ದರೂ ಉಜ್ಜುವಿಕೆಗೆ ದುರ್ಬಲವಾಗಿರುತ್ತದೆ. ಬಿಗಿಯಾಗಿರುವಾಗ ಕಲ್ಲು, ಚಿಪ್ಪು ಅಥವಾ ಸೇತುವೆಯ ಕಂಬಕ್ಕೆ ತಗುಲಿದರೆ ಕ್ಷಣದಲ್ಲಿ ತುಂಡಾಗುತ್ತದೆ. ತಿಳಿ ನೀರಿನಲ್ಲಿ ಮೀನಿಗೆ ಎದ್ದು ಕಾಣುತ್ತದೆ. ಆದುದರಿಂದ ಅಳಿವೆ ಹಾಗೂ ಕಲ್ಲಿನ ತೀರಗಳಲ್ಲಿ ಹೆಣೆದ ದಾರದ ಕೊನೆಗೆ ಸುಮಾರು ಒಂದರಿಂದ ಎರಡು ಮೀಟರ್ ಉದ್ದದ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರವನ್ನು ಜೋಡಿಸುವುದು ಸೂಕ್ತ. ಇದಕ್ಕೆ ಲೀಡರ್ ಎಂದು ಹೆಸರು.

ಕಲಿಯುವವರಿಗೆ ಸುಲಭವಾದುದು ಜೋಡಿ ಯೂನಿ ಗಂಟು. ಎರಡು ದಾರಗಳನ್ನು ಎದುರುಬದುರಾಗಿ ಇರಿಸಿ, ಲೀಡರಿನಿಂದ 3 ಅಥವಾ 4 ಸುತ್ತು, ಹೆಣೆದ ದಾರದಿಂದ 8 ಸುತ್ತು ಹಾಕಿ, ಎರಡೂ ಗಂಟುಗಳನ್ನು ಒಂದಕ್ಕೊಂದು ತಾಗುವಂತೆ ಎಳೆಯಬೇಕು. ಈ ಗಂಟು ಸ್ವಲ್ಪ ದಪ್ಪವಾಗಿರುವುದರಿಂದ ಗಾಳ ಬೀಸುವಾಗ ಕೋಲಿನ ಬಳೆಗಳಿಗೆ ತಾಗಬಹುದು.

ಇದಕ್ಕಿಂತ ತೆಳುವೂ ಬಲವೂ ಆದುದು ಎಫ್‌ಜಿ ಗಂಟು. ಇದರಲ್ಲಿ ಲೀಡರಿಗೆ ಗಂಟನ್ನೇ ಹಾಕುವುದಿಲ್ಲ. ಬಿಗಿಯಾಗಿ ಹಿಡಿದ ಹೆಣೆದ ದಾರವನ್ನು ಲೀಡರಿನ ಮೇಲೆ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಸುಮಾರು 20 ಬಾರಿ ಹೆಣೆದು, ಅರ್ಧಗಂಟುಗಳಿಂದ ಭದ್ರಪಡಿಸಲಾಗುತ್ತದೆ. ಎಳೆತ ಹೆಚ್ಚಿದಂತೆ ಹೆಣಿಗೆಯು ಲೀಡರನ್ನು ಮತ್ತಷ್ಟು ಅದುಮಿ ಹಿಡಿಯುತ್ತದೆ. ಸರಿಯಾಗಿ ಬಿಗಿಗೊಂಡಾಗ ಹೆಣಿಗೆಯ ಬಣ್ಣ ಗಾಢವಾಗುವುದನ್ನು ಕಾಣಬಹುದು. ಬಣ್ಣ ಬದಲಾಗದಿದ್ದಲ್ಲಿ ಗಂಟು ಇನ್ನೂ ಸಡಿಲವಾಗಿದೆ ಎಂದರ್ಥ. ಗಾಳಿಗೆ ಅಲುಗಾಡುವ ದೋಣಿಯಲ್ಲಿ ಇದನ್ನು ಕಟ್ಟುವುದು ಕಷ್ಟವಾದುದರಿಂದ ಮನೆಯಲ್ಲಿಯೇ ಕಟ್ಟಿಕೊಂಡು ಹೊರಡುವುದು ಉತ್ತಮ.

ಈ) ಜಾರದ ಕುಣಿಕೆ ಗಂಟು

ಲೀಡರಿನ ಇನ್ನೊಂದು ತುದಿಗೆ ಲ್ಯೂರ್ ಕಟ್ಟುವಾಗ ಬಿಗಿ ಗಂಟಿಗೆ ಬದಲಾಗಿ ಸಣ್ಣ ಕುಣಿಕೆಯನ್ನು ಬಿಡಬಹುದು. ದಪ್ಪ ಲೀಡರಿಗೆ ಬಿಗಿಯಾಗಿ ಕಟ್ಟಿದ ಹಗುರ ಲ್ಯೂರ್ ನೀರಿನಲ್ಲಿ ಸೆಟೆದು ನಿಲ್ಲುತ್ತದೆ. ಕುಣಿಕೆಯಲ್ಲಿರುವ ಲ್ಯೂರ್ ಜೀವಂತ ಮೀನಿನಂತೆ ಓಲಾಡುತ್ತದೆ. ಲೀಡರಿನಲ್ಲಿ ಮೊದಲು ಒಂದು ಸಡಿಲ ಸಾಮಾನ್ಯ ಗಂಟು ಹಾಕಿ, ತುದಿಯನ್ನು ಕಣ್ಣಿನೊಳಗೆ ತೂರಿಸಿ, ಅದೇ ಗಂಟಿನೊಳಗೆ ಮರಳಿ ತಂದು, ಮೂಲ ದಾರಕ್ಕೆ 4 ಅಥವಾ 5 ಸುತ್ತು ಸುತ್ತಿ, ಪುನಃ ಗಂಟಿನೊಳಗೆ ತೂರಿಸಿ ಬಿಗಿಗೊಳಿಸಬೇಕು. ತುದಿಯು ಗಂಟಿನ ಯಾವ ಬದಿಯಿಂದ ಹೊರಬಂದಿತ್ತೋ ಅದೇ ಬದಿಯಿಂದ ಮರಳಬೇಕು.

ಸಂದರ್ಭಾನುಸಾರ ಆಯ್ಕೆ

* ಜೊಂಡು, ತಾವರೆ ಎಲೆಗಳಿರುವ ಕೆರೆಯಲ್ಲಿ ಕೊರವ ಮೀನಿಗೆ ಕಪ್ಪೆ ಆಕಾರದ ರಬ್ಬರ್ ಲ್ಯೂರ್: ಹೆಣೆದ ದಾರಕ್ಕೆ ನೇರವಾಗಿ ಪಾಲೊಮಾರ್ ಗಂಟು. ಇಲ್ಲಿ ಲೀಡರಿನ ಜೋಡಣೆಯು ಕಸಕ್ಕೆ ಸಿಕ್ಕಿಕೊಳ್ಳುವುದರಿಂದ ಅದನ್ನು ಕೈಬಿಡಬಹುದು.
* ಅಳಿವೆ ಮತ್ತು ಕಲ್ಲಿನ ತೀರದಲ್ಲಿ ತೇಲುವ ಅಥವಾ ಈಜುವ ಗಟ್ಟಿ ಲ್ಯೂರ್: ಎಫ್‌ಜಿ ಅಥವಾ ಜೋಡಿ ಯೂನಿ ಗಂಟಿನಿಂದ ಲೀಡರ್, ಲ್ಯೂರಿಗೆ ಕುಣಿಕೆ ಗಂಟು.
* ಆಳ ಸಮುದ್ರದಲ್ಲಿ ಭಾರವಾದ ಲೋಹದ ಲ್ಯೂರ್: ಎಫ್‌ಜಿ ಗಂಟಿನಿಂದ ಲೀಡರ್, ಲ್ಯೂರಿನ ಬಳೆಗೆ ಯೂನಿ ಗಂಟು.
* ಅಂಜಲ್‌ನಂತಹ ಹರಿತ ಹಲ್ಲಿನ ಮೀನು: ಲೀಡರಿನ ತುದಿಗೆ ಸಣ್ಣ ಉಕ್ಕಿನ ತಂತಿ. ಯಾವುದೇ ಗಂಟು ಹಲ್ಲಿನ ಕಡಿತಕ್ಕೆ ಪರಿಹಾರವಲ್ಲ.

ಸ್ಪ್ಲಿಟ್ ರಿಂಗ್ ಇರುವ ಲ್ಯೂರಿನಲ್ಲಿ ತೆಳು ದಾರವು ರಿಂಗಿನ ಸೀಳಿನೊಳಗೆ ನುಸುಳಿ ಕತ್ತರಿಸಿಹೋಗಬಹುದು. ಅಂತಹ ಲ್ಯೂರಿಗೆ ಉತ್ತಮ ಗುಣಮಟ್ಟದ ಸ್ನ್ಯಾಪ್ ಬಳಸಿ, ಗಂಟನ್ನು ಸ್ನ್ಯಾಪಿಗೆ ಹಾಕುವುದು ಸುರಕ್ಷಿತ.

ಗಂಟಿನ ಪರೀಕ್ಷೆ

ದಡದಲ್ಲಿಯೇ ಗಂಟನ್ನು ಪರೀಕ್ಷಿಸಬೇಕು. ಲ್ಯೂರಿನ ಬದಲಿಗೆ ಗಾಳವಿಲ್ಲದ ಒಂದು ಬಳೆಗೆ ಅದೇ ಗಂಟನ್ನು ಹಾಕಿ, ಬಳೆಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ನಿಧಾನವಾಗಿ ಎಳೆದು, ಎಷ್ಟು ಕಿಲೋಗ್ರಾಂಗೆ ಗಂಟು ಸೋಲುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬಹುದು. ಎರಡು ಮೂರು ಗಂಟುಗಳನ್ನು ತಲಾ ಐದು ಬಾರಿ ಪರೀಕ್ಷಿಸಿ, ಸರಾಸರಿಯನ್ನಲ್ಲದೆ ಅತಿ ಕಡಿಮೆ ಅಂಕಿಯನ್ನೂ ಗಮನಿಸಬೇಕು. ನಾಲ್ಕು ಬಾರಿ 8 ಕಿಲೋಗ್ರಾಂ ತಾಳಿ ಐದನೆಯ ಬಾರಿ 3 ಕಿಲೋಗ್ರಾಂಗೆ ಜಾರುವ ಗಂಟಿಗಿಂತ, ಐದು ಬಾರಿಯೂ 6 ಕಿಲೋಗ್ರಾಂ ತಾಳುವ ಗಂಟು ವಿಶ್ವಾಸಾರ್ಹವಾದುದು. ಚೆನ್ನಾಗಿ ಕಟ್ಟಲು ಬರುವ ಸರಳ ಗಂಟು, ಅರೆಬರೆ ಕಲಿತ ಕಠಿಣ ಗಂಟಿಗಿಂತ ಮೇಲು. ರೀಲಿನ ಡ್ರ್ಯಾಗನ್ನು ದಾರದ ಶಕ್ತಿಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸಬೇಕು. ಅದು ಪರೀಕ್ಷೆಯಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಮೀರಬಾರದು.

ಸುರಕ್ಷತೆ

ಹೆಣೆದ ದಾರವನ್ನು ಯಾವುದೇ ಕಾರಣಕ್ಕೂ ಬರಿಗೈಗೆ ಸುತ್ತಿ ಎಳೆಯಬಾರದು. ತೆಳುವಾದ ಈ ದಾರವು ಬೆರಳನ್ನು ಆಳವಾಗಿ ಕೊಯ್ಯುತ್ತದೆ. ಗಂಟು ಬಿಗಿಗೊಳಿಸುವಾಗ ಕೈಗವಸು ಧರಿಸುವುದು ಅಥವಾ ದಾರವನ್ನು ಮರದ ತುಂಡಿಗೆ ಸುತ್ತಿಕೊಳ್ಳುವುದು ಸೂಕ್ತ. ಲ್ಯೂರ್ ಕಲ್ಲಿಗೆ ಸಿಕ್ಕಿಕೊಂಡಾಗ ಕೋಲನ್ನು ಬಾಗಿಸಿ ಎಳೆಯಬಾರದು. ಕಳಚಿದ ಲ್ಯೂರ್ ರಭಸದಿಂದ ಮುಖದ ಕಡೆಗೆ ಹಾರಿ ಬರುವ ಅಪಾಯವಿದೆ. ದಾರವನ್ನು ಹಲ್ಲಿನಿಂದ ಕಚ್ಚದೆ ಹರಿತವಾದ ಕತ್ತರಿಯನ್ನು ಬಳಸಬೇಕು.

ತುಂಡಾದ ದಾರ ಮತ್ತು ಜಲಚರಗಳು

ಗಂಟು ಸೋತಾಗ ಹವ್ಯಾಸಿಗೆ ಆಗುವ ನಷ್ಟ ಒಂದು ಲ್ಯೂರ್ ಮಾತ್ರ. ಮೀನಿಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಬಾಯಲ್ಲಿ ಲ್ಯೂರ್ ಉಳಿದ ಮೀನು ಆಹಾರ ಸೇವಿಸಲಾರದೆ ಸಾಯಬಹುದು. ಅದರ ಜೊತೆ ಉದ್ದನೆಯ ದಾರವೂ ಹೋದಲ್ಲಿ ಮೀನು ಪೊದೆಗೆ ಅಥವಾ ಕಲ್ಲಿಗೆ ಕಟ್ಟಿಹಾಕಿದಂತಾಗುತ್ತದೆ. ಪಾಲಿಎಥಿಲೀನ್ ನಾರು ಹತ್ತಿಯಂತೆ ಕೊಳೆಯುವುದಿಲ್ಲ. ಬೆಳ್ಳಕ್ಕಿ, ನೀರುಕಾಗೆ, ಕಡಲಾಮೆಗಳ ಕಾಲು, ರೆಕ್ಕೆಗಳಿಗೆ ಸುತ್ತಿಕೊಳ್ಳುತ್ತದೆ. ಆದುದರಿಂದ ಕತ್ತರಿಸಿದ ಚಿಕ್ಕ ತುದಿಗಳನ್ನೂ ಸೇರಿದಂತೆ ಹಳೆಯ ದಾರವನ್ನು ಚೀಲದಲ್ಲಿ ಸಂಗ್ರಹಿಸಿ ಮನೆಗೆ ತರಬೇಕು ಹಾಗೂ ಸಣ್ಣದಾಗಿ ತುಂಡರಿಸಿ ಒಣಕಸದೊಂದಿಗೆ ವಿಲೇವಾರಿ ಮಾಡಬೇಕು. ಲೀಡರನ್ನು ಹೆಣೆದ ದಾರಕ್ಕಿಂತ ಕಡಿಮೆ ಶಕ್ತಿಯದಾಗಿ ಆರಿಸಿದಲ್ಲಿ, ತುಂಡಾದರೂ ಲ್ಯೂರಿನ ಬಳಿಯಲ್ಲಿಯೇ ತುಂಡಾಗುತ್ತದೆ. ನೂರು ಮೀಟರ್ ದಾರ ನೀರಿನಲ್ಲಿ ಉಳಿಯುವುದು ತಪ್ಪುತ್ತದೆ.

ಕಾವೇರಿ ನದಿ ವ್ಯವಸ್ಥೆಗೆ ಮಾತ್ರ ಸೀಮಿತವಾದ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಲಾಗಿದೆ. ಇಂತಹ ಪ್ರಭೇದಗಳಲ್ಲಿ ಒಂದೊಂದು ಮೀನಿನ ಉಳಿವೂ ಮಹತ್ವದ್ದಾಗಿದೆ.

ಸಾರ್ವಜನಿಕರ ಗಮನಕ್ಕೆ

ವನ್ಯಜೀವಿ ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳ ವ್ಯಾಪ್ತಿಯಲ್ಲಿರುವ ಜಲಭಾಗಗಳಲ್ಲಿ ಗಾಳ ಹಾಕಬಾರದು. ಇತರ ಕೆರೆ, ಜಲಾಶಯ ಮತ್ತು ನದಿಭಾಗಗಳಲ್ಲಿ ಗಾಳ ಹಾಕುವ ಮುನ್ನ ಅಲ್ಲಿನ ಮೀನುಗಾರಿಕೆ ಹಕ್ಕು ಮತ್ತು ಪರವಾನಗಿಯ ಬಗ್ಗೆ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ, ಅಗತ್ಯ ಅನುಮತಿಯನ್ನು ಪಡೆಯತಕ್ಕದ್ದು.