ಆನರ್ಸ್: ಅಟ್ಟದ ಮೇಲಿನ ಒಂದು ವರ್ಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತರಿಗೆ ಕಾಯುವುದು ಹೊಸದಲ್ಲ. ಬಲಿತ ತೆಂಗಿನಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲಿದ್ದು, ಒಳಗಿನ ನೀರು ಇಂಗಿದರೇ ಉಂಡೆ ಕೊಬ್ಬರಿ. ಮಕ್ಕಳನ್ನು ಪದವಿಯಲ್ಲಿ ಇನ್ನೊಂದು ವರ್ಷ ಓದಿಸಬೇಕೇ ಎಂಬ ಪ್ರಶ್ನೆ ಮಾತ್ರ ಹೊಸದು.

ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ 2021-22ರಲ್ಲಿ ಬಂತು. 2024-25ರಿಂದ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ನಡುವೆ ಸೇರಿದ್ದವರಿಗೆ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು.

ಲೆಕ್ಕ ಸರಳ. ಮೂರು ವರ್ಷದ ಪದವಿಯ ನಂತರ ಎಂ.ಎಸ್ಸಿ.ಗೆ ಎರಡು ವರ್ಷ. ಆನರ್ಸ್ ನಂತರ ಒಂದೇ ವರ್ಷಕ್ಕೆ ಯುಜಿಸಿ ಅವಕಾಶ ಕೊಟ್ಟಿದೆ. ಎರಡೂ ದಾರಿ ಐದು ವರ್ಷವೇ. ಆದರೆ ಒಂದು ವರ್ಷದ ಎಂ.ಎಸ್ಸಿ. ಬೇಕಾದ ವಿಶ್ವವಿದ್ಯಾಲಯದಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಬಿ.ಎಡ್.ಗೆ ಹೋಗುವವರಿಗೆ ನಾಲ್ಕನೆಯ ವರ್ಷ ಹೆಚ್ಚುವರಿ ಖರ್ಚು. ಸಂಶೋಧನೆಯ ಹಂಬಲವಿದ್ದು ಶೇ. 75 ಅಂಕ ಪಡೆದವರಿಗೆ ಅದೇ ನೇರ ಪಿಎಚ್.ಡಿ.ಯ ಬಾಗಿಲು.

ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಓದುತ್ತಿದ್ದ ಎಚ್. ನರಸಿಂಹಯ್ಯನವರು 1942ರ ಚಳವಳಿಗೆ ಧುಮುಕಿ ಜೈಲು ಸೇರಿದರು. ಹೊರಬಂದ ಮೇಲೆ ಓದು ಮುಗಿಸಿ ಮೇಷ್ಟ್ರಾದರು, ಮುಂದೆ ಕುಲಪತಿಯೂ ಆದರು. ತಡವಾದ ವರ್ಷಗಳು ಅವರಿಗೆ ನಷ್ಟವೆನಿಸಲಿಲ್ಲ.

ಎಲ್ಲ ಕಾಯಿಯೂ ಅಟ್ಟಕ್ಕೇರುವುದಿಲ್ಲ, ಎಳನೀರಿಗೂ ಬೆಲೆಯುಂಟು. ಯಾವುದಕ್ಕೆ ಯಾವುದು ಎಂಬುದನ್ನು ಮಕ್ಕಳನ್ನೂ ಕೂರಿಸಿಕೊಂಡು ತೀರ್ಮಾನಿಸುವುದು ಲೇಸು.